ಹೆಣ್ಣು ನೋಡುವ ದಿನ ಹದಿನೆಂಟು ಚೀಟಿ: ನನ್ನ ಅನುಭವ

ಬಯೋಡೇಟಾ, ಜಾತಕ, ಗೋತ್ರ ಹೊಂದಿಸುವುದನ್ನು ವಧು-ವರರ ಕೇಂದ್ರ ನಡೆಸುವವರಿಗೆ ನಾನು ಹೇಳಿಕೊಡಬೇಕಿಲ್ಲ. ಎಲ್ಲ ಹೊಂದಿದ ಮೇಲೂ ಮೊದಲ ಭೇಟಿಗೇ ಸಂಬಂಧ ಮುರಿದು ಬೀಳುತ್ತದಲ್ಲ, ನಾನು ಕೈಹಾಕಿದ್ದು ಅಲ್ಲಿಗೆ. ಹುಡುಗ-ಹುಡುಗಿಗೆ ಪ್ರಶ್ನೆಚೀಟಿ ಕೊಟ್ಟು ಮಾತಾಡಿಸುತ್ತೇನೆ ಅಂದಾಗ ಕಸುಬಿನ ಹಿರಿಯರು "ಮನೆಯವರು ಒಪ್ಪಲ್ಲ, ಬಿಡಿ" ಅಂದರು. ಮೊದಲು ಹತ್ತರಲ್ಲಿ ಮೂರು ಜೋಡಿ ಎರಡನೇ ಭೇಟಿಗೆ ಬಂದರೆ ಹೆಚ್ಚು. ಈಗ ಆರೇಳು ಬರುತ್ತವೆ. ಅದೇ ಹಿರಿಯರಲ್ಲಿ ಕೆಲವರು ಚೀಟಿಗಳ ಸೆಟ್ ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ಈ ಚೀಟಿಗಳ ಬೇರು ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ತಂಡದ 1997ರ ಪ್ರಯೋಗ: ಅಪರಿಚಿತರಿಬ್ಬರನ್ನು ಹತ್ತಿರ ತರಲು 36 ಪ್ರಶ್ನೆ, ಮೂರು ಕಂತು, ಒಟ್ಟು 45 ನಿಮಿಷ. ಅದನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ನಡೆಯುವುದಿಲ್ಲ. ಕೊನೆಯ ಕಂತಿನಲ್ಲಿ ಅತ್ತದ್ದು, ಮನೆಯವರ ಸಾವು ಎಲ್ಲ ಬರುತ್ತದೆ. ಹಾಲ್‌ನಲ್ಲಿ ಸೋದರಮಾವ ಕೂತಿರುವಾಗ ಯಾರು ಬಾಯಿ ಬಿಡುತ್ತಾರೆ? ನನ್ನದು ಹದಿನೆಂಟು ಚೀಟಿ: ಆರು ಹಗುರ, ಎಂಟು ನಡುವಿನವು, ನಾಲ್ಕು ಒಳಗಿನವು. "ರಜೆ ದಿನ ಎಷ್ಟು ಗಂಟೆಗೆ ಏಳುತ್ತೀರಿ?"ಯಿಂದ ಶುರುವಾಗಿ, "ಸಂಬಳ ಬಂದ ವಾರ ದುಡ್ಡು ಎಲ್ಲೆಲ್ಲಿಗೆ ಹೋಗುತ್ತದೆ?" ದಾಟಿ, "ಮನೆಯಲ್ಲಿ ಯಾರ ಮಾತಿಗೆ ಎದುರಾಡಲು ಆಗುವುದಿಲ್ಲ?" ತನಕ. ಕೊನೆಯ ಎರಡು ಚೀಟಿ ಯಾವುವೆಂದು ಇಲ್ಲಿ ಬರೆಯುವುದಿಲ್ಲ. ನನ್ನ ಕೇಂದ್ರದ ಹೆಸರು ನಿಂತಿರುವುದೇ ಅವುಗಳ ಮೇಲೆ.

ನಿಯಮ ಎರಡೇ. ಒಂದೇ ಚೀಟಿಗೆ ಇಬ್ಬರೂ ಉತ್ತರಿಸಬೇಕು, ಶುರು ಮಾಡುವವರು ಪ್ರತಿ ಸಲ ಬದಲಾಗಬೇಕು. ಒಬ್ಬರು ಪೂರ್ತಿ ಹೇಳಿ ಮುಗಿಸಿ ಆಮೇಲೆ ಇನ್ನೊಬ್ಬರು ಹೇಳುವುದಕ್ಕಿಂತ ಸರದಿಯ ಮಾತಿನಲ್ಲಿ ಮೆಚ್ಚುಗೆ ಹೆಚ್ಚು ಅನ್ನುವುದನ್ನು ಸಂಶೋಧಕಿ ಸೂಸನ್ ಸ್ಪ್ರೆಚರ್ ತಂಡ 2013ರಲ್ಲೇ ತೋರಿಸಿದೆ. ಎರಡನೆಯದು, ಕೇಳಿದ ಉತ್ತರದ ಮೇಲೆ ಒಂದು ಮರುಪ್ರಶ್ನೆ ಹಾಕಲೇಬೇಕು. ಇದನ್ನು ಬಿಟ್ಟರೆ ಅದು ಇಂಟರ್‌ವ್ಯೂ ಆಗುತ್ತದೆ, ಚೀಟಿ ಬೇಗ ಖಾಲಿಯಾಗುತ್ತದೆ, ಇಬ್ಬರೂ ಗೋಡೆ ನೋಡುತ್ತಾರೆ. ಹುಡುಗ ಕಂಪನಿ ಪುರಾಣ ಎಳೆಯತೊಡಗಿದರೆ ತಡೆಯಲು ಎರಡು ನಿಮಿಷದ ಮರಳು ಗಡಿಯಾರ ಇಟ್ಟಿದ್ದೇನೆ. ಅದಕ್ಕೆ ನೂರೈವತ್ತು ರೂಪಾಯಿ ಬಿದ್ದಿರಬೇಕು.

ಕುರ್ಚಿ ಎದುರುಬದುರು ಬೇಡ, ಮೇಜಿನ ಮೂಲೆಯ ಎರಡು ಬದಿಗೆ ಹಾಕಿ. ಬಾಗಿಲು ತೆರೆದಿರಲಿ, ಹಾಲ್‌ನಲ್ಲಿ ಟಿವಿ ಓಡುತ್ತಿರಲಿ: ಹಿರಿಯರಿಗೆ ಇಬ್ಬರೂ ಕಾಣುತ್ತಾರೆ, ಮಾತು ಮಾತ್ರ ಕೇಳುವುದಿಲ್ಲ. ಉಪ್ಪಿಟ್ಟು-ಕೇಸರಿಬಾತ್ ಚೀಟಿ ಮುಗಿದ ಮೇಲೆ. ತಟ್ಟೆ ಕೈಗೆ ಬಂದರೆ ಮಾತು ನಿಂತಿತೆಂದೇ ಲೆಕ್ಕ.

ದುಡ್ಡು ದಂಡವಾಗಿ ಹೋದದ್ದು ವ್ಯಕ್ತಿತ್ವ ಪರೀಕ್ಷೆಯ ಸಾಫ್ಟ್‌ವೇರ್‌ಗೆ, ವರ್ಷಕ್ಕೆ ಹದಿನೆಂಟು ಸಾವಿರದ ಹತ್ತಿರ. ಮಗನ ಫಾರ್ಮನ್ನು ತಾಯಿ ತುಂಬಿದರೆ ಬರುವುದು ತಾಯಿಯ ಆಸೆ, ಮಗನ ಸ್ವಭಾವವಲ್ಲ. ಸ್ವಂತ ಕೈಯಲ್ಲಿ ತುಂಬಿದರೂ ಯಾರಿಗೆ ಯಾರು ಹಿಡಿಸುತ್ತಾರೆಂದು ಅದರಿಂದ ತಿಳಿಯದು. ಸಂಶೋಧಕಿ ಸಮಂತಾ ಜೋಯೆಲ್ ತಂಡ 2017ರಲ್ಲಿ ನೂರಕ್ಕೂ ಹೆಚ್ಚು ಗುಣಗಳ ಮಾಹಿತಿಯನ್ನು ಕಂಪ್ಯೂಟರಿಗೆ ಉಣಿಸಿದರೂ, ನಿರ್ದಿಷ್ಟ ಇಬ್ಬರ ನಡುವಿನ ಸೆಳೆತ ಊಹೆಗೆ ಸಿಗಲಿಲ್ಲ. ಈಗ ಮನಶ್ಶಾಸ್ತ್ರಜ್ಞ ಗಾಸ್ಲಿಂಗ್ ತಂಡದ, ಸ್ವಭಾವ ಅಳೆಯುವ ಹತ್ತು ಸಾಲಿನ ಪಟ್ಟಿಯಿಂದ ನಾಲ್ಕೇ ಸಾಲು ಬಳಸುತ್ತೇನೆ: ಮನಸ್ಸಿನ ಸ್ಥಿರತೆಗೆ ಎರಡು, ಶಿಸ್ತಿಗೆ ಎರಡು. ಆ ಎರಡೆರಡು ಸಾಲಿನಲ್ಲಿ ಒಂದರ ಅರ್ಥ ಇನ್ನೊಂದಕ್ಕೆ ಉಲ್ಟಾ ಇರುತ್ತದೆ. ಎರಡಕ್ಕೂ "ಹೌದು" ಅಂದವರು ಓದದೆ ಗುರುತು ಹಾಕಿದ್ದಾರೆ.

ಇದರ ಜೊತೆಗೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಭಯ ಹುಟ್ಟಿಸುವ ತೂಗುಸೇತುವೆ ದಾಟಿದವರಿಗೆ ಆಕರ್ಷಣೆ ಹೆಚ್ಚಿತ್ತು ಎಂಬ 1974ರ ಪ್ರಯೋಗ ನಂಬಿ, ಕೆಲವು ಜೋಡಿಗಳನ್ನು ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿದೆ. ಎದೆಬಡಿತ ಏರಿದಾಗ ಹಿಡಿಸಿದವರು ಹೆಚ್ಚು ಹಿಡಿಸುತ್ತಾರೆ, ಹಿಡಿಸದವರು ಇನ್ನಷ್ಟು ಹಿಡಿಸುವುದಿಲ್ಲ; ಇದೂ 1981ರಲ್ಲೇ ಗೊತ್ತಾಗಿತ್ತು. ಅದರ ಮೇಲೆ ಸೀರೆ ಉಟ್ಟು ಸಾವಿರ ಮೆಟ್ಟಿಲು ಹತ್ತುವ ಪಾಡು ಬೇರೆ. ಎರಡನೇ ಭೇಟಿಗೆ ಕುಕ್ಕರಹಳ್ಳಿ ಕೆರೆ ಏರಿಯ ನಡಿಗೆ ಸಾಕು.

ಒಂದು ಭೇಟಿಗೆ ಎಂಟುನೂರು ತೆಗೆದುಕೊಳ್ಳುತ್ತೇನೆ, ಚೀಟಿ, ಕಾಫಿ ಸೇರಿ. ಒಪ್ಪಿಗೆಯೋ ಇಲ್ಲವೋ ಎಂಬ ಉತ್ತರವನ್ನು ಎರಡೂ ಕಡೆಯಿಂದ ಅದೇ ಸಂಜೆ ಬೇರೆ ಬೇರೆ ಫೋನಿನಲ್ಲಿ, ಹುಡುಗ-ಹುಡುಗಿಯ ಬಾಯಿಂದಲೇ ಕೇಳಿಕೊಳ್ಳಿ. ರಾತ್ರಿ ಕಳೆದರೆ ಉತ್ತರ ಕೊಡುವವರು ದೊಡ್ಡಪ್ಪ.