72 ಗಂಟೆಯ ಮಾತ್ರೆ: ಎಲ್ಲಿಯವರೆಗೆ ನಂಬಬಹುದು?

ಕಾಂಡೋಮ್ ಹರಿದಾಗ ಗರ್ಭ ನಿಲ್ಲದಂತೆ ನುಂಗುವ ತುರ್ತು ಮಾತ್ರೆಗೆ ಸಂಭೋಗದಿಂದ 72 ಗಂಟೆಯ ಗಡುವು ಎನ್ನುತ್ತಾರೆ. ಆದರೆ ಗಡಿಯಾರವನ್ನಷ್ಟೇ ನೋಡಿದರೆ ಸಾಲದು, ಕ್ಯಾಲೆಂಡರನ್ನೂ ನೋಡಿ. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಅದು ಬದುಕುವುದು ಒಂದೇ ದಿನ. ಆದರೆ ವೀರ್ಯಾಣು 5 ದಿನ ಕಾದು ಕೂರಬಲ್ಲದು. ಹಾಗಾಗಿ ಬಿಡುಗಡೆಗೆ ಹಿಂದಿನ ಐದು ದಿನ ಮತ್ತು ಆ ದಿನವೇ ಗರ್ಭ ನಿಲ್ಲುವ ಅಪಾಯದ ದಿನಗಳು. ಮುಟ್ಟು ಏರುಪೇರಾಗುವವರು ಈ ಲೆಕ್ಕವನ್ನು ನೆಚ್ಚಬೇಡಿ.

ಈ ತುರ್ತು ಮಾತ್ರೆಗಳಾದ ಐ-ಪಿಲ್, ಅನ್‌ವಾಂಟೆಡ್-72ರಲ್ಲಿರುವುದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು. ಒಂದೇ ಮಾತ್ರೆ, ವೈದ್ಯರ ಚೀಟಿ ಬೇಡ. ಆಶಾ ಕಾರ್ಯಕರ್ತೆಯರ ಬಳಿಯೂ ಸಿಗುತ್ತದೆ. ಇದು ಅಂಡಾಣುವಿನ ಬಿಡುಗಡೆಯನ್ನು ಮುಂದೂಡುತ್ತದೆ, ಅಷ್ಟೇ. ಬಿಡುಗಡೆಗೆ ದೇಹದ ಹಾರ್ಮೋನು ಆಗಲೇ ಏರಿದ್ದರೆ, ಹನ್ನೆರಡೇ ಗಂಟೆಯೊಳಗೆ ನುಂಗಿದರೂ ಕೈಕೊಡಬಹುದು. ಆದ್ದರಿಂದ 72 ಗಂಟೆ ಇದೆಯೆಂದು ಕಾಯಬೇಡಿ, ಸಿಕ್ಕ ಕೂಡಲೇ ನುಂಗಿ. ನಿಂತ ಗರ್ಭವನ್ನು ಇದು ತೆಗೆಯುವುದಿಲ್ಲ.

ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ಬೇಕು. ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಫೆನಿಟಾಯಿನ್ ಅಥವಾ ಕಾರ್ಬಮಜೆಪೈನ್ ತೆಗೆದುಕೊಳ್ಳುವವರಲ್ಲಿ ಮಾತ್ರೆಯ ಔಷಧಿ ದೇಹದಲ್ಲಿ ಬೇಗ ಕರಗಿ ಬಲ ಕಳೆದುಕೊಳ್ಳುತ್ತದೆ. ತೂಕ 70 ಕಿಲೋ ದಾಟಿದವರಲ್ಲೂ ಬಲ ತಗ್ಗಬಹುದು. ಇಂಥವರು ಡಬಲ್ ಡೋಸ್ ಬಗ್ಗೆ ವೈದ್ಯರನ್ನು ಕೇಳಿ.

ನಮ್ಮ ಮಾತು ಕೇಳುವುದಾದರೆ, ಅಪಾಯದ ದಿನಗಳಲ್ಲಿ ಕಾಪರ್-ಟಿಯೇ ಮೇಲು. ಗರ್ಭಕೋಶದೊಳಗೆ ಇಡುವ ತಾಮ್ರದ ಪುಟ್ಟ ಸಾಧನ ಇದು; ಹಳ್ಳಿಗಳಲ್ಲಿ ವಂಕಿ ಅನ್ನುತ್ತಾರಲ್ಲ, ಅದೇ. ಸಂಭೋಗವಾಗಿ 5 ದಿನದೊಳಗೆ ಹಾಕಿಸಿದರೆ ನೂರರಲ್ಲಿ 99ಕ್ಕೂ ಹೆಚ್ಚು ಮಂದಿಗೆ ಗರ್ಭ ನಿಲ್ಲುವುದಿಲ್ಲ. ತೂಕ, ಬೇರೆ ಔಷಧಿ ಯಾವುದೂ ಇದಕ್ಕೆ ಅಡ್ಡಬರದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಮಾತ್ರೆ ನುಂಗಿದ ಮೇಲೆ ವಾರದೊಳಗೆ ಸ್ವಲ್ಪ ರಕ್ತ ಕಂಡರೆ ‘ಮುಟ್ಟಾಯಿತು’ ಎಂದು ನಿರಾಳವಾಗಬೇಡಿ; ಅದು ಹಾರ್ಮೋನಿನ ಏರಿಳಿತವಿರಬಹುದು. ಮುಂದೂಡಿದ ಅಂಡಾಣು ಕೆಲವು ದಿನ ಬಿಟ್ಟು ಹೊರಬರಬಹುದಾದ್ದರಿಂದ, ಮುಂದಿನ ಮುಟ್ಟಿನವರೆಗೂ ಕಾಂಡೋಮ್ ಬಿಡಬಾರದು.

ಮುಟ್ಟು ಒಂದು ವಾರ ತಡವಾದರೆ, ಇಲ್ಲವೇ ಸಂಭೋಗವಾಗಿ 3 ವಾರ ಕಳೆದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿ. ಒಂದೇ ಗೆರೆ ಎಂದರೆ ಗರ್ಭ ಇಲ್ಲ, ಎರಡು ಎಂದರೆ ಇದೆ; ಆದರೆ ಅದಕ್ಕೆ ಮೊದಲು ಬರುವ ಒಂದೇ ಗೆರೆಯನ್ನು ನಂಬಲಾಗದು. ಎರಡು ಗೆರೆ ಬಂದರೆ ಅಂಗಡಿಯಿಂದ ಗರ್ಭಪಾತದ ಕಿಟ್ ತಂದು ನುಂಗಬೇಡಿ. ಗರ್ಭವು ಗರ್ಭಕೋಶದ ಬದಲು ಅಂಡಾಣು ಸಾಗುವ ನಳಿಕೆಯಲ್ಲಿ ನಿಂತಿದ್ದರೆ ಆ ಕಿಟ್ ಕೆಲಸ ಮಾಡದು, ನಳಿಕೆ ಒಡೆದರೆ ಜೀವಕ್ಕೇ ಕುತ್ತು. ಕಿಬ್ಬೊಟ್ಟೆಯ ಒಂದು ಬದಿ ಜೋರಾಗಿ ನೋಯುತ್ತಿದ್ದರೆ, ತಲೆ ಸುತ್ತಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.