ಫೋನಿನ ಚಿತ್ರ ಟಿವಿಗೆ, ಟಿವಿಯ ಧ್ವನಿ ಸ್ಪೀಕರ್‌ಗೆ: ಜೋಡಿಸುವ ಮೊದಲು ಹೊಂದಾಣಿಕೆ ನೋಡಿ

ಹಬ್ಬಕ್ಕೆ ಊರಿಗೆ ಬಂದ ಮಕ್ಕಳು ಫೋನಿನಲ್ಲಿರುವ ಮದುವೆಯ ವಿಡಿಯೊವನ್ನು ಅಜ್ಜಿಗೆ ಟಿವಿಯಲ್ಲಿ ತೋರಿಸಲು ಹೊರಡುತ್ತಾರೆ. ಟಿವಿಯೂ ಸ್ಮಾರ್ಟ್, ಫೋನೂ ಹೊಸದು. ಆದರೂ ಫೋನಿನ ಪಟ್ಟಿಯಲ್ಲಿ ಟಿವಿಯ ಹೆಸರೇ ಬರುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಈ ಪೇಚಾಟ ಮಾಮೂಲು. ಬಹಳಷ್ಟು ಸಲ ಯಾವ ಸಾಧನವೂ ಕೆಟ್ಟಿರುವುದಿಲ್ಲ. ಎರಡೂ ಬೇರೆ ಬೇರೆ ವಿಧಾನದವು, ಅಷ್ಟೇ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗುವ ನಮ್ಮ ಕಡೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಇಂಟರ್‌ನೆಟ್ ಇಲ್ಲದ ದಿನ ಈ ವ್ಯವಸ್ಥೆ ನಡೆಯುತ್ತದೆಯೇ?

ಮೊದಲು ವಿಧಾನ ಗುರುತಿಸಿ

ಚಿತ್ರ ಕಳುಹಿಸಲು ಮುಖ್ಯವಾಗಿ ಮೂರು ದಾರಿಗಳಿವೆ. 2012ರಲ್ಲಿ ಬಂದ ಮಿರಾಕಾಸ್ಟ್‌ನಲ್ಲಿ ಫೋನಿನ ಪರದೆ ಇದ್ದ ಹಾಗೆಯೇ ಟಿವಿಯಲ್ಲಿ ಮೂಡುತ್ತದೆ. ಫೋನ್ ಮತ್ತು ಟಿವಿ ನೇರವಾಗಿ ಒಂದಕ್ಕೊಂದು ಸಂಪರ್ಕ ಬೆಳೆಸುವುದರಿಂದ ರೂಟರ್ ಬೇಡ, ಇಂಟರ್‌ನೆಟ್ಟೂ ಬೇಡ. ಮಲೆನಾಡಿನ ಮನೆಗಳಿಗೆ ಇದು ಇರಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸ್ಯಾಮ್‌ಸಂಗ್ ಫೋನಿನಲ್ಲಿ ಇದು ‘ಸ್ಮಾರ್ಟ್ ವ್ಯೂ’ ಎಂಬ ಹೆಸರಿನಲ್ಲಿದೆ. ಬೇರೆ ಫೋನುಗಳಲ್ಲಿ ‘ಕಾಸ್ಟ್’ ಅಥವಾ ‘ವೈರ್‌ಲೆಸ್ ಡಿಸ್‌ಪ್ಲೇ’ ಎಂದು ಹುಡುಕಿ. ವಿಂಡೋಸ್ ಲ್ಯಾಪ್‌ಟಾಪ್ ಆದರೆ ವಿಂಡೋಸ್ ಕೀಲಿಯ ಜೊತೆ ‘ಕೆ’ ಒತ್ತಿದರೆ ಸಾಕು. ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಮತ್ತು ಐಫೋನ್‌ಗಳಲ್ಲಿ ಮಿರಾಕಾಸ್ಟ್ ಇಲ್ಲ.

ಎರಡನೆಯದು ಗೂಗಲ್ ಕಾಸ್ಟ್. ಇಲ್ಲಿ ಯೂಟ್ಯೂಬ್ ವಿಡಿಯೊ ಫೋನಿನಿಂದ ಟಿವಿಗೆ ಹೋಗುವುದಿಲ್ಲ. ಫೋನ್ ‘ಇದನ್ನು ಹಾಕು’ ಎಂದು ಹೇಳುತ್ತದೆ, ಟಿವಿ ತಾನೇ ಇಂಟರ್‌ನೆಟ್‌ನಿಂದ ತರಿಸಿಕೊಳ್ಳುತ್ತದೆ. ಹಾಗಾಗಿ ಚಿತ್ರ ಸ್ಪಷ್ಟವಾಗಿರುತ್ತದೆ, ಫೋನಿನ ಬ್ಯಾಟರಿಯೂ ಉಳಿಯುತ್ತದೆ. ಆದರೆ ಇಂಟರ್‌ನೆಟ್ ಹೋದರೆ ಯೂಟ್ಯೂಬೂ ನಿಂತಿತು. ಮೂರನೆಯದು ಐಫೋನ್‌ನಿಂದ ಟಿವಿಗೆ ಕಳುಹಿಸುವ ಆಪಲ್‌ನ ಏರ್‌ಪ್ಲೇ. 2019ರಿಂದೀಚೆಗೆ ಸ್ಯಾಮ್‌ಸಂಗ್, ಎಲ್‌ಜಿ, ಸೋನಿ ಕಂಪನಿಗಳ ಕೆಲವು ಟಿವಿಗಳಲ್ಲೂ ಇದು ಸೇರಿದೆ.

ಟಿವಿಯ ಸೆಟ್ಟಿಂಗ್ಸ್‌ನಲ್ಲಿ, ಇಲ್ಲವೇ ಅದರ ಡಬ್ಬಿಯ ಮೇಲೆ, ಈ ಮೂರರಲ್ಲಿ ಯಾವ ಹೆಸರಿದೆ ನೋಡಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿರುವ ಪ್ರತಿ ಫೋನಿನದನ್ನೂ ಹಾಗೆಯೇ ನೋಡಿ. ಎರಡೂ ಕಡೆ ಒಂದೇ ಹೆಸರು ಸಿಕ್ಕಿದರೆ ಹೊಸದೇನನ್ನೂ ಕೊಳ್ಳಬೇಕಿಲ್ಲ. ಹೆಸರು ಕೂಡದಿದ್ದರೆ ಟಿವಿಯ ಎಚ್‌ಡಿಎಂಐ ಕಿಂಡಿಗೆ (ಚಿತ್ರ, ಧ್ವನಿ ಎರಡೂ ಒಂದೇ ತಂತಿಯಲ್ಲಿ ಸಾಗುವ ಕಿಂಡಿ) ಸಿಕ್ಕಿಸುವ ಸ್ಟಿಕ್ ತರಬಹುದು. ಎಲ್ಲ ಸ್ಟಿಕ್‌ಗಳಲ್ಲೂ ಎಲ್ಲ ವಿಧಾನ ಇರುವುದಿಲ್ಲ. ಮನೆಯ ಫೋನುಗಳ ವಿಧಾನ ಅದರಲ್ಲಿದೆಯೇ ಎಂದು ಓದಿಯೇ ತೆಗೆದುಕೊಳ್ಳಿ. ಕೆಂಪು, ಬಿಳಿ, ಹಳದಿ ತೂತುಗಳಷ್ಟೇ ಇರುವ ಹಳೆಯ ಟಿವಿಯಾದರೆ ಎಚ್‌ಡಿಎಂಐನಿಂದ ಎವಿಗೆ ಬದಲಾಯಿಸುವ ಪುಟ್ಟ ಡಬ್ಬಿಯೂ ಬೇಕಾಗುತ್ತದೆ.

ವೈಫೈ ಒಂದೇ ಇರಲಿ

ಗೂಗಲ್ ಕಾಸ್ಟ್ ಮತ್ತು ಏರ್‌ಪ್ಲೇಗೆ ಫೋನ್, ಟಿವಿ ಎರಡೂ ಒಂದೇ ವೈಫೈನಲ್ಲಿರಬೇಕು. ಫೋನ್ ಮೊಬೈಲ್ ಡೇಟಾದಲ್ಲಿದ್ದು ಟಿವಿ ವೈಫೈನಲ್ಲಿದ್ದರೆ ಎಷ್ಟು ಹುಡುಕಿದರೂ ಹೆಸರು ಬಾರದು. ರೂಟರ್‌ನ ‘ಗೆಸ್ಟ್’ ಜಾಲಕ್ಕೆ ಸೇರಿದ ಸಾಧನಗಳಿಗೂ ಸಾಮಾನ್ಯವಾಗಿ ಒಂದನ್ನೊಂದು ನೋಡುವ ಅವಕಾಶ ಇರುವುದಿಲ್ಲ. ಐಫೋನ್ ಆದರೆ ಆ್ಯಪ್‌ಗೆ ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೊಟ್ಟಿದ್ದೀರಾ ಎಂದು ನೋಡಿ.

ಇನ್ನು ಗೋಡೆಗಳು. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ದಪ್ಪ ಮಣ್ಣಿನ ಗೋಡೆಯನ್ನೋ ಜಂಬಿಟ್ಟಿಗೆಯ ಗೋಡೆಯನ್ನೋ ದಾಟುವಾಗ ಬೇಗ ಸೊರಗುತ್ತದೆ. ಗೋಡೆ ತೇವ ಹೀರಿದರೆ ತಡೆ ಇನ್ನೂ ಹೆಚ್ಚು. ತೊಟ್ಟಿಮನೆಯಲ್ಲಿ ರೂಟರ್ ಕಚೇರಿ ಕೋಣೆಯ ಮೂಲೆಯಲ್ಲಿದ್ದು ಟಿವಿ ಜಗಲಿಯಲ್ಲಿದ್ದರೆ ನಡುವೆ ಎಷ್ಟು ಗೋಡೆ ಬರುತ್ತದೆ ಎಣಿಸಿ. ರೂಟರನ್ನು ತೊಟ್ಟಿಯ ಕಡೆಗೆ ತೆರೆದಿರುವ ಎತ್ತರದ ಜಾಗಕ್ಕೆ ಸರಿಸಿ. ಅದು ಆಗದಿದ್ದರೆ ಟಿವಿಯನ್ನು 2.4 ಗಿಗಾಹರ್ಟ್ಸ್ ಜಾಲಕ್ಕೆ ಸೇರಿಸಿ. ಪೂರ್ಣ ಎಚ್‌ಡಿ ಚಿತ್ರಕ್ಕೆ ಸುಮಾರು 5 ಎಂಬಿಪಿಎಸ್ ವೇಗ ಸಾಕು. ಟಿವಿ ಇರುವ ಜಾಗದಲ್ಲೇ ಅಳೆಯಿರಿ.

ಧ್ವನಿಯ ಲೆಕ್ಕವೇ ಬೇರೆ

ಬ್ಲೂಟೂತ್ ಇದೆ ಎಂದಾಕ್ಷಣ ಎಲ್ಲ ಟಿವಿಯೂ ಸ್ಪೀಕರ್‌ಗೆ ಧ್ವನಿ ಕಳುಹಿಸುವುದಿಲ್ಲ. ಕೆಲವು ಟಿವಿಗಳಲ್ಲಿ ಅದು ರಿಮೋಟ್‌ಗೆ ಮಾತ್ರ. ‘ಬ್ಲೂಟೂತ್ ಆಡಿಯೊ’ ಎಂಬ ಆಯ್ಕೆ ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಎಲ್‌ಡಿಎಸಿ, ಆಪ್ಟ್‌ಎಕ್ಸ್ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಕೊಡೆಕ್‌ಗಳಿಗೆ (ಧ್ವನಿಯನ್ನು ಕುಗ್ಗಿಸಿ ಕಳುಹಿಸುವ ವಿಧಾನಗಳಿಗೆ) ದುಡ್ಡು ಸುರಿಯುವ ಮೊದಲು ಯೋಚಿಸಿ: ಕಳುಹಿಸುವ ಸಾಧನ, ಕೇಳಿಸುವ ಸಾಧನ ಎರಡರಲ್ಲೂ ಅವು ಇರಬೇಕು. ಇಲ್ಲವಾದರೆ ಎಲ್ಲದರಲ್ಲೂ ಇರುವ ಸಾಧಾರಣ ಎಸ್‌ಬಿಸಿಗೇ ಬಂದು ನಿಲ್ಲುತ್ತದೆ.

ಬ್ಲೂಟೂತ್‌ನಲ್ಲಿ ಧ್ವನಿ ಸ್ವಲ್ಪ ತಡವಾಗಿ ಬರುತ್ತದೆ. ಹಾಡಿಗೆ ತೊಂದರೆಯಿಲ್ಲ. ಯಕ್ಷಗಾನ ಹಾಕಿ ನೋಡಿ, ತಕ್ಷಣ ಗೊತ್ತಾಗುತ್ತದೆ: ಕೋಲು ಚೆಂಡೆಗೆ ಬಿದ್ದು ಮೇಲೆದ್ದ ಮೇಲೆ ಪೆಟ್ಟು ಕೇಳಿಸುತ್ತದೆ, ಹೆಜ್ಜೆ ಮುಂದೆ, ಗೆಜ್ಜೆ ಹಿಂದೆ. ಟಿವಿಯಲ್ಲಿ ‘ಎವಿ ಸಿಂಕ್’ ಇದ್ದರೆ ಸರಿಹೊಂದಿಸಿ. ಅದಕ್ಕೂ ಬಗ್ಗದಿದ್ದರೆ ಸೌಂಡ್‌ಬಾರ್‌ಗೆ ‘ಎಆರ್‌ಸಿ’ ಎಂದು ಬರೆದ ಎಚ್‌ಡಿಎಂಐ ಕಿಂಡಿಯಿಂದ ತಂತಿ ಎಳೆಯುವುದೇ ಮೇಲು. ತಂತಿ ಎಂದು ಹಿಂಜರಿಯಬೇಡಿ; ತಾಳ ತಪ್ಪಿದ ಆಟ ನೋಡುವುದಕ್ಕಿಂತ ಅದು ಎಷ್ಟೋ ವಾಸಿ.

ಪರದೆ ಕಪ್ಪಾದರೆ

ಫೋನಿನ ಫೋಟೊ ಟಿವಿಯಲ್ಲಿ ಬರುತ್ತದೆ, ಹಣ ಕೊಟ್ಟು ನೋಡುವ ಸಿನಿಮಾ ಮಾತ್ರ ಕಪ್ಪು ಪರದೆಯಾಗುತ್ತದೆ. ಇದು ನಕಲು ತಡೆಯುವ ರಕ್ಷಣೆಯ ಕೆಲಸವಿರಬಹುದು. ಪರದೆ ಪ್ರತಿಬಿಂಬಿಸುವುದನ್ನು ಬಿಟ್ಟು ಟಿವಿಯಲ್ಲೇ ಆ ಆ್ಯಪ್ ತೆರೆಯಿರಿ.

ಹೊಸ ಟಿವಿ ಕೊಳ್ಳಲು ಶಿವಮೊಗ್ಗಕ್ಕೆ ಹೋಗುವವರು ಮನೆಯಲ್ಲಿ ಹೆಚ್ಚು ಬಳಸುವ ಫೋನನ್ನೇ ಒಯ್ಯಿರಿ. ಅದು ಮಿರಾಕಾಸ್ಟ್ ಇರುವ ಫೋನಾದರೆ, ಅಂಗಡಿಯಲ್ಲಿ ಅದರ ಮೊಬೈಲ್ ಡೇಟಾ ಆರಿಸಿ, ಅಂಗಡಿಯ ವೈಫೈಗೂ ಸೇರಿಸದೆ, ಫೋನಿನಲ್ಲಿ ಉಳಿಸಿಟ್ಟ ಒಂದು ವಿಡಿಯೊವನ್ನು ಟಿವಿಗೆ ಕಳುಹಿಸಿ. ಚಿತ್ರ, ಧ್ವನಿ ಎರಡೂ ಬಂದವೋ, ಬಿಲ್ ಮಾಡಿಸಿ.