ಅಮ್ಮನಿಗೆ ಬಿಡುವು ಸಿಗಲು ನಾವು ಮಾಡಿದ್ದು

ಎಲ್ಲರೂ ಅಮ್ಮನಿಗೆ ಹೇಳುತ್ತಿದ್ದದ್ದು ಒಂದೇ: "ನೀವೂ ಸ್ವಲ್ಪ ರೆಸ್ಟ್ ತಗೊಳ್ಳಿ." ತಮ್ಮನನ್ನು ಯಾರ ಕೈಯಲ್ಲಿ ಬಿಟ್ಟು?

ಅವನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ಜೊತೆಗೆ ಫಿಟ್ಸ್. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆ. ಇಲ್ಲಿನ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದರು, ಹಾಗಾಗಿ ಇಂಥ ಮನೆಗಳು ಸುತ್ತಮುತ್ತ ಬಹಳ ಇವೆ. ಹಗಲಿಗೆ ಇಂಥ ಮಕ್ಕಳಿಗೆಂದೇ ಇರುವ ಬಡ್ಸ್ ಶಾಲೆ ಇದೆ. ದೀರ್ಘ ಕಾಯಿಲೆಯವರ ಆರೈಕೆ ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಆದರೆ ರಾತ್ರಿಗೆ, ರಜೆಗೆ, ಅಮ್ಮನೇ ಜ್ವರ ಬಂದು ಮಲಗಿದ ದಿನಕ್ಕೆ?

ಪಕ್ಕದ ಮನೆಯ ಚಿಕ್ಕಮ್ಮನನ್ನು ಕೇಳಿದೆ. ಅವರು ಕುಟುಂಬಶ್ರೀ ಎಂಬ ಮಹಿಳಾ ಸಂಘದವರು, ತಮ್ಮನಿಗೆ ಅವರ ಸ್ವರ ಗೊತ್ತು. ಮೊದಲು ನಾನು ಊಟ ಕೊಡುವಾಗ ಸುಮ್ನೆ ಪಕ್ಕದಲ್ಲಿ ಕೂತರು. ಆಮೇಲೆ ಅವರು ಕೊಟ್ಟರು, ನಾನು ನೋಡಿದೆ. ಆಮೇಲೆ ನಾನು ಅಡುಗೆಮನೆಗೆ ಸರಿದೆ, ಅದಾದ ಮೇಲೆ ಅಂಗಳಕ್ಕೆ. ಇಷ್ಟು ನಿಧಾನ ಯಾಕೆ ಅಂದರೆ, ಇವನನ್ನು ಮಲಗಿಸಿಕೊಂಡು ಗಂಜಿ ಕೊಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನೇರ ಕೂರಿಸಬೇಕು, ಚಿಕ್ಕ ಚಮಚ ಬೇಕು, ನುಂಗಿದ ಮೇಲೆಯೇ ಮುಂದಿನದು. ಇದು ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಕೈಗೆ ಬರಬೇಕು. ಚಿಕ್ಕಮ್ಮನಿಗೆ ದುಡ್ಡು ಕೊಡುತ್ತೇವೆ, ಅವರು ಬೇಡ ಅಂದರೂ. ಪುಕ್ಕಟೆ ಸಹಾಯವನ್ನು ಮತ್ತೆ ಮತ್ತೆ ಕೇಳಲು ಅಮ್ಮನಿಗೆ ಮನಸ್ಸು ಬರುವುದಿಲ್ಲ. ನೋಡಿಕೊಳ್ಳುವವರಿಗೆಂದೇ ಕೇರಳ ಸರ್ಕಾರದ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ ಸ್ವಲ್ಪ ದುಡ್ಡು ಇದೆ. ಸಾಲುವುದಿಲ್ಲ, ಆದರೂ ಅರ್ಜಿ ತಗೊಳ್ಳುತ್ತಾರಾ ಎಂದು ಕೇಳಿ ನೋಡಿ.

ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೇವೆ. ಮದ್ದಿನ ಹೆಸರು, ಪ್ರಮಾಣ, ಹೊತ್ತು, ಆಂಬುಲೆನ್ಸಿನ 108, ನಮ್ಮೆಲ್ಲರ ನಂಬರು. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಲು ಓಡಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ. ಇದನ್ನೆಲ್ಲ ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದ್ದೇವೆ, ಆಂಬುಲೆನ್ಸಿನಲ್ಲಿ ಬರುವವರಿಗೆ ಕನ್ನಡ ಓದಲು ಬಾರದಿರಬಹುದು ಅಲ್ವಾ.

ಇನ್ನೊಂದು ವಿಷಯ. ದೊಡ್ಡ ಕಾಯಿಲೆಗೆಲ್ಲ ನಮಗೆ ಮಂಗಳೂರೇ ದಾರಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ರೋಗಿಗಳು ಎಷ್ಟು ಒದ್ದಾಡಿದರು ಎಂದು ನಾವೆಲ್ಲ ನೋಡಿದ್ದೇವೆ. ಅಂದಿನಿಂದ ಫಿಟ್ಸಿನ ಮಾತ್ರೆ ಮುಗಿಯುವ ಮೊದಲೇ ಮುಂದಿನದ್ದು ತಂದಿಡುತ್ತೇವೆ. ಗಡಿಯ ಈಚೆ ಇರುವ ಒಂದು ಆಸ್ಪತ್ರೆಯಲ್ಲೂ ಅವನ ಚೀಟಿ ಮಾಡಿಸಿದ್ದೇವೆ.

18 ತುಂಬಿದ ಇಂಥವರಿಗೆ ಕಾನೂನಿನ ಪ್ರಕಾರ ಪೋಷಕರು (ಗಾರ್ಡಿಯನ್) ಬೇಕಾದರೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಲೆಕ್ಟರ್ ಇರುವ ಸಮಿತಿಗೆ ಅರ್ಜಿ ಕೊಡಬಹುದು. ಆ ಕೆಲಸ ಈಗ ಹಿಡಿದಿದ್ದೇವೆ. ಜೊತೆಗೆ ಇನ್ನೊಬ್ಬರಿಗೆ ಊಟ ಕೊಡುವುದನ್ನು ಕಲಿಸುತ್ತಿದ್ದೇವೆ, ಚಿಕ್ಕಮ್ಮನಿಗೂ ಬಿಡುವು ಬೇಕು.